ಸಿದ್ದರಾಮ ಮಾಸ್ತರರ ಹೊಸಾ ನಾಟಕ

ಬಿಜಾಪುರ
9 ಜೂನ್ 2024

ಮಾಸ್ತರ, ಮಿನಾಜಳ ಸಲಾಂ ತಗೋರಿ.

ನಿಮಗ ಮೈಯಾಗ ಆರಾಮಿಲ್ಲ ಅಂತ ಸಂಗು ಹೇಳಿದ. ಶಿವರಾತ್ರಿ ಸುಮಾರಿಗೆ ಸಣ್ಣಂಗ ಲಕ್ವಾ ಹೊಡದಿತ್ತು, ಈಗ ಸುಧಾರಿಸ್ಯಾರ, ಆದ್ರ ಫೋನಿನ್ಯಾಗ ಮಾತಾಡೂದಿಲ್ಲ ಅಂದ. ನಮ್ಮ ನಾಟಕದ ತಾರೀಖ ಹಿಡಿಯೂ ಏಜೆಂಟ ಆಂವ, ಅವನ ಮಾತಿನ್ಯಾಗ ಅರ್ಧಾ ತಗೊಂಡು ಅರ್ಧಾ ಬಿಡಬೇಕು. ಅದಕ್ಕ ಕಾಗದಾ ಬರಿಯಾಕತ್ತೀನಿ. ಟಿಕೋಟಾದಿಂದ ನಮಗ ಪಾರ್ಟು ಸುದ್ದಾ ನೀವು ಪೋಸ್ಟಿಗೇ ಹಾಕ್ತಿದ್ರಿ, ಮೊದಲಿಂದಲೂ ಕಾಗದದ ಮಂದಿ.

ಮಾಸ್ತರ, ನನಗ ಸಾಕಾಗೈತಿ. ಮೂವತ್ತ ವರ್ಷ ಆತು, ಹಳ್ಳಿ ಹುಡುಗರು ಎರಡ ತಿಂಗಳ ತಾಲೀಮ ಮಾಡ್ತಾರ, ನಾ ರೊಕ್ಕಕ್ಕ ಪಾರ್ಟು ಮಾಡೂ ಬಾಡಿಗಿ ಹೆಣ್ಣು, ನಾಟಕದ ದಿನಾ ಮಧ್ಯಾಹ್ನ ಬಸ್ ಇಳದು, ಮಾರಿಗಿ ಬಣ್ಣಾ ಹಚಗೊಂಡು, ಹೀರೋನ ಮಾರಿ ಮೊದಲನೇ ಸಲ ರಂಗದ ಮ್ಯಾಲ ನೋಡಿ 'ಪ್ರಾಣನಾಥಾ' ಅಂತೀನಿ. ಮೊನ್ನಿ ಕನಮಡಿಯಾಗ ನನ್ನ ಪ್ರಾಣನಾಥ ನನ್ನ ಮಗನಕಿಂತ ಸಣ್ಣಾಂವ ಇದ್ದ. ಅಳಕೋತ ನಗಬೇಕೋ ನಗಕೋತ ಅಳಬೇಕೋ ತಿಳೀಲಿಲ್ಲ.

ಅದಕ್ಕ ನಮ್ಮ ಓಣಿ ಹೆಣ್ಣಮಕ್ಕಳನ್ನ ಕೂಡಿಸಿ ಸ್ವಂತ ಸಂಘ ಕಟ್ಟೀನಿ. ಹೆಸರು ಓಣಿ ನಾಟಕ ಸಂಘ. ಸಾಲ್ಯಾಗ ಬಿಸಿಯೂಟ ಮಾಡೂ ವಿಶಾಖಾ, ಬ್ಲೌಜ್ ಹೊಲಿಯೂ ಶಹಜಾದಿ, ಇನ್ನ ಮೂರ ಮಂದಿ, ಮತ್ತ ನಾನು. ನನ್ನ ಬಿಟ್ರ ಯಾರೂ ಬಣ್ಣಾ ಹಚ್ಚಿದವರಲ್ಲ. ಸೊಲ್ಲಾಪುರ ರಸ್ತೆದಾಗ ವೆಲ್ಡಿಂಗ ಅಂಗಡಿ ಮ್ಯಾಲಿನ ಖೋಲ್ಯಾಗ ಗುರುವಾರಕ್ಕೊಮ್ಮೆ ಕೂಡ್ತೀವಿ. ಕೆಳಗ ಕಬ್ಬಿಣ ಕೊಯ್ಯೂ ಸಪ್ಪಳದಾಗ ಎಲ್ಲಾರ ದನಿ ತಾನ ದೊಡ್ಡದಾಗೈತಿ.

ನಮಗೊಂದು ನಾಟಕ ಬರದಕೊಡ್ರಿ. ಹೀರೋ ಬ್ಯಾಡ. ಗಂಡಸೂರನ್ನ ಎಲ್ಲಿಂದ ತರೂಣು? ನೀವು ಇಲ್ಲ ಅಂದ್ರ ನಮಗ ಮತ್ತ ಯಾರ ಅದಾರ?

ಮಿನಾಜ


ಟಿಕೋಟಾ
27 ಜೂನ್ 2024

ಮಿನಾಜಳಿಗೆ ಸಿದ್ದರಾಮ ಮಾಸ್ತರನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನನ್ನ ಪ್ರಕೃತಿ ಸುಧಾರಿಸಿದೆ. ಬಲಗೈ ಮತ್ತು ನಾಲಗೆ ಮಾತ್ರ ಇನ್ನೂ ಸ್ವಲ್ಪ ವಿಶ್ರಾಂತಿ ಕೇಳುತ್ತಿವೆ. ಎಂದಿನಂತೆ ಸೊಸೆ ಬರೆದುಕೊಳ್ಳುತ್ತಾಳೆ. ಹತ್ತು ವರ್ಷದಿಂದ ನನ್ನ ನಾಟಕಗಳ ಪ್ರತಿಗಳು, ನಿಮಗೆ ಕಳಿಸುವ ಪಾರ್ಟುಗಳು ಎಲ್ಲವೂ ಅವಳ ಕೈಬರಹವೇ ಎಂಬುದು ನಿನಗೆ ಗೊತ್ತಿದ್ದದ್ದೇ. ಆದ್ದರಿಂದ ಚಿಂತೆಗೆ ಕಾರಣವಿಲ್ಲ.

ನಾಯಕನಿಲ್ಲದ ನಾಟಕ ಉಪ್ಪಿಲ್ಲದ ಸಾರು ಎಂದು ಹಿಂದೆ ನಾನೇ ಹೇಳುತ್ತಿದ್ದೆ. ಈಗ ವೈದ್ಯರು ನನಗೆ ಉಪ್ಪು ಬಿಡಿಸಿದ್ದಾರೆ. ಬರೆಯೋಣ. ಎರಡು ತಿಂಗಳು ಸಮಯ ಕೊಡು.

ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಆ ಕೋಣೆಗೆ ಕಿಟಕಿ ಇದೆಯೇ? ತಾಲೀಮು ಮುಗಿದ ಮೇಲೆ ಹೆಂಗಸರೆಲ್ಲ ಕೂತು ಚಹಾ ಕುಡಿಯುತ್ತೀರೋ, ಅಥವಾ ಲಗುಬಗೆಯಿಂದ ಮನೆಗೆ ಓಡುತ್ತೀರೋ? ನಾಟಕಕ್ಕೆ ಬೇಕಾಗಿ ಕೇಳಿದೆ.

ಸಿದ್ದರಾಮ ಮಾಸ್ತರ


ಬಿಜಾಪುರ
20 ಆಗಸ್ಟ್ 2024

ಮಾಸ್ತರ,

ಮೂರ ಸೀನು ಮುಟ್ಟಿದುವು. ವಿಶಾಖಾ ಓದಾಕ ಹಿಡದಾಕಿ ನಡುವ ಹಾಳಿ ಕೆಳಗ ಇಟ್ಟಳು. ಉಳದದ್ದು ಶಹಜಾದಿ ಓದಿದಳು. 'ತಾಟಿನ ಮುಂದ' ಅಂತ ಹೆಸರೂ ಛಲೋ ಇಟ್ಟೀರಿ. ನೀಲವ್ವ ಮನಿ ಮಂದಿಗೆಲ್ಲಾ ನೀಡಿ, ಕಡೀಕ ತಾ ಒಂದ ತಾಟ ಹಾಕ್ಕೊಂಡು ಕುಂಡ್ರತಾಳ. ರೊಟ್ಟಿ ಮುರದಾಗೊಮ್ಮೆ ಯಾರರ ಕರೀತಾರ. ನೀರ ಕೊಡು, ಕೀಲಿ ಎಲ್ಲೈತಿ, ಕೂಸ ಅಳತೈತಿ. ಮೂರ ಸೀನ ಆದ್ರೂ ಆಕಿ ಒಂದ ರೊಟ್ಟಿ ಉಂಡಿಲ್ಲ. ಇಷ್ಟ ಕತಿ. ಇಷ್ಟಕ್ಕ ನಮ್ಮ ಖೋಲ್ಯಾಗ ಆರ ಮಂದಿ ಅತ್ತೀವಿ.

ಈಗ ಒಂದ ಮಾತ ಕೇಳ್ತೀನಿ. ನಿಮ್ಮ ನಾಟಕದಾಗ ಹೆಣ್ಣಮಕ್ಕಳ ಕೈಯಾಗ ಏನಿರತಿತ್ತು ಮಾಸ್ತರ? ಒಂದ ಕರ್ಚೀಫ. ಇಲ್ಲಂದ್ರ ಆರತಿ ತಾಟ. ಇದರಾಗ ನೀಲವ್ವನ ಕೈ ಒಂದ ಗಳಿಗಿ ಖಾಲಿ ಇಲ್ಲ. 'ಹಿಟ್ಟಿಗಿ ಎಸರ ಹಾಕ್ಕೋತ', 'ಹಂಚಿನ ಮ್ಯಾಲಿನ ರೊಟ್ಟಿಗಿ ನೀರ ಸವರ್ಕೋತ', 'ಸೆರಗಿಲೆ ಕೈ ಒರಿಸ್ಕೋತ' ಅಂತ ಮಾತಿಗೊಂದು ಸೂಚನಾ. ಎಸರು ಎಷ್ಟ ಕುದ್ದಿರಬೇಕು ಅಂತ ಸುದ್ದಾ ಬರದೈತಿ. ಮತ್ತ, ಬಾಡಿಗಿ ಹೆಣ್ಣು ತಾಲೀಮಿಗೆ ಬರೂದಿಲ್ಲ, ಉದ್ದ ಮಾತು ಕಲಿಯೂದಿಲ್ಲ ಅಂತ ನೀವು ನಮಗ ಎರಡ ಸಾಲಿನ ಮ್ಯಾಲ ಯಾವತ್ತೂ ಕೊಟ್ಟವರಲ್ಲ. ಉದ್ದಾನ ಮಾತೆಲ್ಲಾ ಹೀರೋಗೆ. ಇಲ್ಲಿ ನೀಲವ್ವ ನಾಕ ಪುಟ ಒಬ್ಬಾಕಿನ ಮಾತಾಡ್ತಾಳ.

ಬೆಂಕಿ ಮುಂದ ಕುಂತ ಕೈ ಸುಟಗೊಂಡಾಕಿ ಬರದದ್ದು ಇದು. ಈ ಕಾಗದಾ ಓದಾಕತ್ತಾಕಿ ಯಾರ ಅದೀ, ನಿನಗ ಕೇಳಾಕತ್ತೀನಿ. ಯಾರ ಬರದಾರ?

ಮಿನಾಜ


ಟಿಕೋಟಾ
2 ಸೆಪ್ಟೆಂಬರ್ 2024

ಮಿನಾಜಕ್ಕಾರಿಗೆ,

ನಾನ ಬರದೀನ್ರಿ. ನಾನು ರಾಜೇಶ್ವರಿ, ಮಾಸ್ತರರ ಸೊಸಿ. ಜೂನದಾಗಿನ ಕಾಗದಾನೂ ನಂದ. ಮಾವಾರ ಮಾತಿನ ಧಾಟಿ ಹತ್ತ ವರ್ಷ ಬರದು ಬರದು ಕೈಗೆ ಹತ್ತೈತಿ.

ಅವರಿಗೆ ಸಣ್ಣಂಗ ಅಲ್ಲ, ದೊಡ್ಡದ ಹೊಡದೈತಿ. ಬಲಗಡಿ ಮೈ ಬಿದ್ದೈತಿ. ಮಾತ ಹೋಗ್ಯಾವ. ಬಾಯಾಗ ಒಂದ ಶಬ್ದ ಉಳದೈತಿ, 'ಆತು'. ನೀರ ಬೇಕೇನ್ರಿ ಅಂದ್ರ ಆತು. ಬ್ಯಾಡೇನ್ರಿ ಅಂದ್ರೂ ಆತು. ನೋವಾದ್ರೂ ಅದ. ಅಕ್ಷರಾ ತೋರಿಸಿದ್ರ ಗ್ವಾಡಿ ನೋಡಿದಂಗ ನೋಡ್ತಾರ. ಒಳಗ ತಿಳಿವಳಿಕಿ ಎಷ್ಟ ಉಳದೈತಿ ಹೇಳಾಕ ಬರೂದಿಲ್ಲ ಅಂತ ಡಾಕ್ಟರು ಅಂದಾರ.

ನಿಮ್ಮ ಕಾಗದಾ ಬಂದ ದಿನಾ ಅವರ ಮುಂದ ಕುಂತು ಓದಿದ್ನಿ. ಬರದಕೊಡ್ತೀರೇನ್ರಿ ಅಂತ ಸುಮ್ಮನ ಕೇಳಿದ್ನಿ. ಆತು ಅಂದ್ರು. ನಮ್ಮನಿಯವರು ಬಾಗಲದಾಗ ನಿಂತಿದ್ರು, ಕೇಳಿಸ್ಕೊಂಡ್ರು. ಅವರಿಗೆ ಅಪ್ಪ ಅಂದ್ರ ಜೀವಾ. ಅಪ್ಪಗ ಎಲ್ಲಾ ತಿಳೀತೈತಿ, ಅಪ್ಪ ಮತ್ತ ಬರೀತಾನ ಅಂತ ಕಣ್ಣಾಗ ನೀರ ತಂದ್ರು. ಅವತ್ತ ಸಂಜೀಕ ಹತ್ತ ನೋಟಬುಕ್ಕ ತಂದಿಟ್ರು. ನಾ ಒಂದೊಂದ ಸಾಲ ಓದಿ ಹೇಳ್ತೀನಿ, ಮಾವಾರು ಆತು ಅಂದ್ರ ಬರಕೋತೀನಿ ಅಂತ ಹೇಳಿದ್ನಿ. ಪೂರ್ತಾ ಸುಳ್ಳಲ್ಲ. ಓದಿದ್ದಂತೂ ಖರೇ, ಅವರು ಆತು ಅಂದದ್ದೂ ಖರೇ.

ಇನ್ನೊಂದೂ ಹೇಳಿಬಿಡ್ತೀನಿ. ನನಗ ಬರಿಯೂ ಆಶಾನೂ ಇತ್ತು. ಬಿ.ಎ. ಎರಡನೇ ವರ್ಷಕ್ಕ ಬಿಡಿಸಿ ಮದವಿ ಮಾಡಿದ್ರು. ಮಂದಿ ಬರದದ್ದನ್ನ ನಕಲ ಮಾಡಾಕ ಇಷ್ಟ ವರ್ಷ ಈ ಕೈ ದುಡದೈತಿ.

ಫೋನ ಮಾಡಬ್ಯಾಡ್ರಿ. ನನ್ನ ಫೋನ ಪಡಸಾಲ್ಯಾಗ ಇರತೈತಿ, ಯಾರ ಬೇಕಾದವರು ಎತ್ತತಾರ. ಮಾಸ್ತರ ಹೆಸರಿಲೆ ಬಂದ ಕಾಗದಾ ಮಾತ್ರ ಯಾರೂ ಒಡಿಯೂದಿಲ್ಲ. ಓದಿ ಹೇಳು ಅಂತ ನನ್ನ ಕೈಯಾಗ ಕೊಡ್ತಾರ.

ನಾಟಕ ಬ್ಯಾಡಾದ್ರ ಹರದ ಹಾಕ್ರಿ. ನಾಕನೇ ಸೀನು ಇದರ ಜೋಡಿ ಇಟ್ಟೀನಿ.

ರಾಜೇಶ್ವರಿ


ಬಿಜಾಪುರ
11 ಸೆಪ್ಟೆಂಬರ್ 2024

ಬೇ ರಾಜೇಶ್ವರಿ,

ಹರದ ಹಾಕ್ರಿ ಅಂತಿ, ನಾಕನೇ ಸೀನೂ ಮಡಚಿ ಇಡ್ತಿ. ನೀ ಭಾಳ ಶಾಣ್ಯಾಕಿ ಅದೀ ಬಿಡು.

ಮಾಸ್ತರ ಸುದ್ದಿ ಓದಿದ್ನಿ. ನನಗ ಹದಿನಾರ ವರ್ಷ ಇದ್ದಾಗ ರಂಗದ ಮ್ಯಾಲ ಹ್ಯಾಂಗ ನಿಂದ್ರಬೇಕು ಅಂತ ಕಲಿಸಿದ ಮನಿಶಾ ಅವರು. ನನ್ನ ಜಾತಿ ಕೇಳಲಿಲ್ಲ, ಬಾಡಿಗಿ ಹೆಣ್ಣು ಅಂತ ಹಗರಾಗಿ ಮಾತಾಡಲಿಲ್ಲ. ಎರಡ ಸಾಲ ಮಾತ ಕೊಟ್ರು ಅಂತ ಅಂದ್ನಲ್ಲ, ಆ ಎರಡ ಸಾಲಿನ್ಯಾಗ ನಾ ಹೊಟ್ಟಿ ತುಂಬಿಸ್ಕೊಂಡೀನಿ.

ಈಗ ನಿನ್ನ ಮಾತಿಗೆ ಬರ್ತೀನಿ. ಬರೂ ಗುರುವಾರ ತಾಲೀಮಿಗೆ ಬಾ. ಗುಳಿಗಿ ತರಾಕ ಹೊಂಟೀನಿ ಅನ್ನು, ಬಳಿ ಇಡಸ್ಕೊಳಾಕ ಅನ್ನು, ಏನರ ಅನ್ನು. ಟಿಕೋಟಾದಿಂದ ಬಸ್ಸಿಗೆ ಮುಕ್ಕಾಲ ತಾಸಿನ ಹಾದಿ. ನಿನ್ನ ನೀಲವ್ವ ಹ್ಯಾಂಗ ಮಾತಾಡ್ತಾಳ ನಿನ್ನ ಕಿವೀಲೆ ಕೇಳು. ಹ್ಯಾಂಡಬಿಲ್ಲಿನ್ಯಾಗ ನಿನ್ನ ಹೆಸರ ಹಾಕಸ್ತೀನಿ: ರಚನೆ, ರಾಜೇಶ್ವರಿ, ಟಿಕೋಟಾ.

ಕಿಟಕಿ ಐತಿ. ಚಹಾನೂ ಕುಡಿತೀವಿ, ಒಬ್ಬರ ಮ್ಯಾಲೊಬ್ಬರು ಬಿದ್ದು ನಗತೀವಿ. ನೀ ಯಾರಿಗೆ ಬೇಕಾಗಿ ಕೇಳಿದ್ದಿ ಅಂತ ಈಗ ತಿಳೀತು.

ಮಿನಾಜ


ಟಿಕೋಟಾ
6 ಅಕ್ಟೋಬರ್ 2024

ಅಕ್ಕಾರ,

ಮೂರ ಗುರುವಾರ ಹೋದುವು. ನಾ ಬರಲಿಲ್ಲ. ನೀವು ಹಾದಿ ನೋಡಿದ್ರೇನೋ.

ನನ್ನ ಹೆಸರ ಬರದ ಸಾಲು ನಾಕ ಸಲ ಓದೀನಿ. ಸುಳ್ಳ್ಯಾಕ ಹೇಳ್ಲಿ, ಭಾಳ ಖುಷಿ ಆತು. ಆದ್ರ ಈ ಮನಿಯಾಗ ಆಗಿದ್ದ ಬ್ಯಾರೆ.

ಮಾವಾರ ಮಾತು ನನಗೊಬ್ಬಾಕಿಗೆ ತಿಳೀತೈತಿ ಅಂತ ಎಲ್ಲಾರೂ ನಂಬ್ಯಾರ. ಮೊದಲು ನಾಟಕ ಅಷ್ಟ ಇತ್ತು. ಈಗ ಎಲ್ಲಾದಕ್ಕೂ ಕೇಳಾಕತ್ತಾರ. ಹೋದ ತಿಂಗಳ ನಮ್ಮನಿಯವರು ಹಳೇ ದ್ರಾಕ್ಷಿ ಬಳ್ಳಿ ಕಿತ್ತ ಹಾಕೂಣೋ, ಇನ್ನೊಂದ ವರ್ಷ ಇಡೂಣೋ ಅಂತ ಅಪ್ಪನ ಮುಂದ ಕುಂತ್ರು. ಅವರು ಆತು ಅಂದ್ರು. ಇವರು ನನ್ನ ಕಡೆ ತಿರುಗಿ ಏನಂತಾನ ಅಪ್ಪ ಅಂತ ಕೇಳಿದ್ರು. ನನಗ ತಿಳೀದಿಲ್ಲ ಅಂದಿದ್ರ ನಾಟಕಾನೂ ಸುಳ್ಳ ಆಗತಿತ್ತು. ಇನ್ನೊಂದ ವರ್ಷ ಇಡು ಅಂತಾರ ಅಂದ್ನಿ. ಬಳ್ಳಿ ಉಳದುವು. ಅವತ್ತ ನಿದ್ದಿ ಹತ್ತಲಿಲ್ಲ ನನಗ. ಬಳ್ಳಿ ವಿಚಾರ ನನಗೇನ ಗೊತ್ತೈತ್ರಿ?

ಮೂವತ್ತ ಎಕರೆ ಬಗ್ಗಿ ನನ್ನ ಬಾಯಿಂದ ಮಾತ ಹೊಂಡತೈತಿ, ನನ್ನ ಬಗ್ಗಿ ಒಂದ ಮಾತ ಹೊಂಡೂದಿಲ್ಲ. ನೀ ಇಲ್ಲಂದ್ರ ಅಪ್ಪ ಮೂಕಾ ಆಗತಾನ ಅಂತಾರ ಇವರು. ಪಂಚಮಿಗೆ ಅರಕೇರಿಗೆ, ತವರಮನಿಗೂ ಹೋಗಲಿಲ್ಲ. ಬೈದು ಕೂಡಿ ಹಾಕಿದ್ರ ಜಗಳಾ ಮಾಡಬಹುದಿತ್ತು. ಹೊಗಳಿ ಕೂಡಿ ಹಾಕ್ಯಾರ. ಬಂದವರೆಲ್ಲಾ ಇಂಥಾ ಸೊಸಿ ಪಡೀಬೇಕ್ರಿ ಅಂತಾರ.

ನೀಲವ್ವನ ಕಡೀ ಸೀನು ಬರಿಯಾಕತ್ತೀನಿ. ಆಕಿ ಉಣ್ಣತಾಳೋ ಇಲ್ಲೋ ಇನ್ನೂ ಗೊತ್ತಿಲ್ಲ.

ರಾಜೇಶ್ವರಿ


ಬಿಜಾಪುರ
3 ನವೆಂಬರ್ 2024

ರಾಜೇಶ್ವರಿ,

ನಿನ್ನಿ ಪಾಡ್ಯಾದ ದಿನಾ ನಾ ನಿಮ್ಮ ಮನಿಗೆ ಬಂದದ್ದು ಯಾಕ ಅಂತ ನಿನಗ ಹೇಳಾಕ ಆಗಲಿಲ್ಲ, ಈಗ ಕೇಳು.

ಸಂಗು ನನ್ನ ಮ್ಯಾಲ ಹಲ್ಲ ಕಡ್ಯಾಕತ್ತಾನ. ನಾ ಸ್ವಂತ ಸಂಘ ಮಾಡಿದ್ರ ಅವನ ಕೈಯಾಗಿನ ಹೆಣ್ಣಮಕ್ಕಳೆಲ್ಲಾ ಬಿಟ್ಟ ಬರ್ತಾರ ಅಂತ ಅಂಜಿಕಿ. ಸ್ಟೇಜ ಕೊಡ್ತೀವಿ ಅಂದ ಎರಡ ಊರಾಗ ಏನೇನೋ ಹೇಳಿ ಕೆಡಿಸಿದ. ನಮ್ಮವರು ಐದ ತಿಂಗಳಿಂದ ದಗದ ಮುಗಿಸಿ, ಗಂಡಂದ್ರ ಕಡಿಂದ ಬೈಸ್ಕೊಂಡು ಬಂದು ತಾಲೀಮ ಮಾಡ್ಯಾರ. ಶಹಜಾದಿ ಸ್ಟೇಜ ಇಲ್ಲ ಅಂದ ಕೂಡ್ಲೆ ಪಾರ್ಟು ನನ್ನ ಮುಂದ ಇಟ್ಟು ಹೊಂಟಿದ್ದಳು.

ಮಾಸ್ತರನ್ನ ನೋಡಿ ಬರೂಣು ಅಂತ ಹಣ್ಣ ತಗೊಂಡ ಬಂದ್ನಿ, ಮನಸಿನ್ಯಾಗ ಮತ್ತೇನಿರಲಿಲ್ಲ. ನಿನ್ನ ಗಂಡಗ ತ್ರಾಸ ಹೇಳಿದ ಕೂಡ್ಲೆ ಬಬಲೇಶ್ವರದಾಗ ನನ್ನ ದೋಸ್ತರದಾರ, ಮೈದಾನ, ಪೆಂಡಾಲ, ಮೈಕ ನನಗ ಬಿಡ್ರಿ ಅಂದ್ರು. ಡಿಸೆಂಬರ್ 21ಕ್ಕ, ಸಂಜೀ ಆರಕ್ಕ. ಹ್ಯಾಂಡಬಿಲ್ಲಿನ್ಯಾಗ ಅಪ್ಪನ ಹೆಸರ ದೊಡ್ಡದಾಗಿ ಇರಬೇಕು, ಸ್ಟೇಜಿನ ಮ್ಯಾಲ ಅಪ್ಪಗ ಸನ್ಮಾನ ಆಗಬೇಕು, ಇಷ್ಟ ಕೇಳಿದ್ರು. ನಾ ಹೂಂ ಅಂದ್ನಿ.

ನೀ ಚಹಾದ ಕಪ್ಪ ಇಟ್ಟು ಒಳಗ ಹೋದಾಕಿ ಮತ್ತ ಹೊರಗ ಬರಲಿಲ್ಲ, ಮಾರಿ ಎತ್ತಿ ನೋಡಲಿಲ್ಲ. ಹಿತ್ತಾಳಿ ಸರಪಳಿ ಜೋಕಾಲಿ, ಕೈ ತುಂಬ ಬಂಗಾರದ ಬಳಿ, ಹೂವಿನಂಥಾ ಗಂಡ. ನಿನಗೇನ ಕಡಿಮಿ ಐತಿ ಬೇ, ಒಂದ ಹೆಸರ ಇಲ್ಲಂದ್ರ ಏನಾತು ಅಂತ ಅನಿಸ್ತು ನನಗ. ಇದ್ದದ್ದ ಇದ್ದಂಗ ಬರದೀನಿ.

ಮಿನಾಜ


ಟಿಕೋಟಾ
8 ನವೆಂಬರ್ 2024

ಮಿನಾಜಕ್ಕಾರಿಗೆ,

ನೀವು ನಮ್ಮ ಪಡಸಾಲ್ಯಾಗ ಒಂದ ತಾಸ ಕುಂತಿದ್ರಿ. ನಿಮಗ ಜೋಕಾಲಿ ಕಂಡತು. ನಾ ಯಾಕ ಒಳಗ ಹೋದ್ನಿ ಅಂತ ಕೇಳ್ರಿ. ಇನ್ನ ಒಂದ ಗಳಿಗಿ ನಿಂತಿದ್ರ ನಿಮ್ಮ ಹಿಂದ ಬರಿಗಾಲೀಲೆ ನಡದಬಿಡ್ತಿದ್ನಿ. ಅದಕ್ಕ ಅಡಗಿಮನಿ ಬಾಗಲಾ ಹಿಡದ ನಿಂತಿದ್ನಿ, ನೀವು ಹೋಗೂತನಕ.

ಹೆಸರು ಅಷ್ಟ ಸಣ್ಣ ಮಾತಾಗಿದ್ರ ನಿಮ್ಮ ಹೆಸರ ತಗದು ಸಂಗುಂದ ಹಾಕಿಸ್ರಿ. ಅವನೂ ಸ್ಟೇಜ ಕೊಡ್ತಾನ.

ಕಡೀ ಸೀನು ಇದರಾಗ ಐತಿ. ಇನ್ನ ಬರಿಯೂದೇನೂ ಇಲ್ಲ.

ರಾಜೇಶ್ವರಿ


ಬಿಜಾಪುರ
2 ಡಿಸೆಂಬರ್ 2024

ತಂಗಿ ರಾಜೇಶ್ವರಿ,

ಇದು ಮೂರನೇ ಕಾಗದಾ. ಮೊದಲಿನ ಎರಡಕ್ಕ ನೀ ಉತ್ತರಾ ಹಾಕಲಿಲ್ಲ. ಹಾಕೂದೂ ಬ್ಯಾಡ, ನಾ ಆಡಿದ್ದು ಅಂಥಾ ಮಾತ. ನಾಲಿಗಿಗೆ ಎಲುಬಿಲ್ಲ ಅಂತಾರ, ನನ್ನ ಪೆನ್ನಿಗೂ ಇಲ್ಲ. ನಾ ತಪ್ಪ ಮಾಡೀನಿ, ನಿನ್ನ ಕಾಲ ಹಿಡಿಯೂವಂಥಾ ತಪ್ಪ. ಹೊಟ್ಟೀಪಾಡಿಗೆ ಎಲ್ಲಾರ ಮುಂದ ಹೂಂ ಅಂದು ಅಂದು, ನಿನ್ನ ವಸ್ತು ಕೊಡೂ ಮುಂದ ಸುದ್ದಾ ಹೂಂ ಅಂದ್ನಿ.

ಯಾರ ಕರದ್ರೂ ನೀಲವ್ವ ತಾಟ ಬಿಟ್ಟ ಏಳದ ನಿನ್ನ ಕಡೀ ಸೀನು ನಮ್ಮನ್ನ ಅಲ್ಲಾಡಿಸಿಬಿಟ್ಟೈತಿ. ನೀಲವ್ವ ಒಬ್ಬಾಕಿನ ಆಡೂ ಆ ನಾಕ ಪುಟದ ಮಾತು ನನಗ ಇನ್ನೂ ಬಾಯಿಗೆ ಕುಂತಿಲ್ಲ, ನಡುವ ತಪ್ಪತೈತಿ. ಮೂವತ್ತ ವರ್ಷ ಎರಡ ಸಾಲ ಮಾತಾಡಿದ ಬಾಯಿ ಇದು.

ನಾ ಒಂದ ವಿಚಾರ ಮಾಡೀನಿ. ಎರಡನೇ ಸೀನ ಆದ ಮ್ಯಾಲ ಆಹೇರಿ ಕೂಗತಾರಲ್ಲ, ಯಾರ್ಯಾರು ಸೀರಿ ಕೊಟ್ರು, ಯಾರ್ಯಾರು ಬಕ್ಷೀಸ ಕೊಟ್ರು ಅಂತ, ಆವಾಗ ಮೈಕ ನನ್ನ ಕೈಗೆ ಬರತೈತಿ. ಬರದಾಕಿ ಇಲ್ಲೇ ಕುಂತಾಳ, ಆಕಿ ಹೆಸರ ರಾಜೇಶ್ವರಿ ಅಂತ ಇಡೀ ಬಬಲೇಶ್ವರ ಕೇಳೂವಂಗ ಹೇಳಿಬಿಡ್ತೀನಿ. ಮುಂದ ಏನಾಗತೈತಿ ಆಗ್ಲಿ.

ಮಿನಾಜ


ಟಿಕೋಟಾ
12 ಡಿಸೆಂಬರ್ 2024

ಅಕ್ಕಾರ,

ಹಂಗ ಮಾಡಬ್ಯಾಡ್ರಿ. ಕೈ ಮುಗದ ಕೇಳ್ತೀನಿ.

ಇವರು ದಿನಾ ಸಂಜೀಕ ತೋಟದಿಂದ ಬಂದು, ಕೈಕಾಲ ತೊಳಕೊಂಡು, ಮಾವಾರ ಹಾಸಗಿ ಮ್ಯಾಲ ಕುಂತು ಒಂದೊಂದ ಸೀನು ಓದತಾರ. ಅಪ್ಪಾ, ಇದನ್ನ ಭಾಳ ಛಲೋ ಬರದೀದಿ ನೋಡು ಅಂತ ಕೈ ಹಿಡಕೋತಾರ. ಮಾವಾರು ಸೊಟ್ಟ ಬಾಯೀಲೆ ನಗತಾರ. ಹೆಸರ ಹೇಳಿದ ಗಳಿಗಿಗೆ ಇವರಿಗೆ ಅಪ್ಪ ಇದ್ದೂ ಇಲ್ಲದಂಗ ಆಗತಾನ. ಅಡಕತ್ತರಿಯಾಗಿನ ಅಡಕಿ ಆಗೀನಿ ಅಕ್ಕಾರ. ಖರೇ ಹೇಳಿದ್ರ ಅವರ ಜೀವಾ ಹೋಗತೈತಿ, ಹೇಳದಿದ್ರ ನಂದು. ಈ ಬಲಿ ನಾನ ಹೆಣದೀನಿ, ಮತ್ತೊಬ್ಬರನ್ನ ಬೈಯಾಕ ಬಾಯಿಲ್ಲ.

21ಕ್ಕ ನಾ ಬರ್ತೀನಿ. ಮಾವಾರು ಬಂದ್ರ ಅವರನ್ನ ಹಿಡಕೊಳ್ಳಾಕ ನಾ ಬೇಕಲ್ಲ. ನನ್ನ ನಾಟಕ ನನ್ನ ಕಣ್ಣೀಲೆ ನೋಡತೀನಿ. ಈ ಸಲ ಇಷ್ಟ ಸಾಕು ಅಂತ ಮನಸಿಗೆ ಹೇಳಾಕತ್ತೀನಿ. ಅದು ಕೇಳವಲ್ಲದು.

ರಾಜೇಶ್ವರಿ


ಬಿಜಾಪುರ
24 ಡಿಸೆಂಬರ್ 2024

ರಾಜೇಶ್ವರಿ,

ನನ್ನ ದನಿ ಬಿದ್ದೈತಿ, ಆದ್ರ ಬರಿಯಾಕ ಕೈ ಅದಾವ. ನಾಟಕ ಗೆದ್ದತು ಬೇ! ಹೆಣ್ಣಮಕ್ಕಳ ಕಡಿಂದ ಸಪ್ಪಳ ಇರಲಿಲ್ಲ, ನೋಡಿದೇನು? ನಗೂ ಜಾಗಾದಾಗ ಸುದ್ದಾ ನಗಲಿಲ್ಲ ಅವರು. ಗಂಡಸೂರು ಮೊದಲು ಸೀಟಿ ಹೊಡದ್ರು, ಆಮ್ಯಾಲ ಅವರೂ ಸುಮ್ಮನಾದ್ರು. ಫೆಬ್ರುವರ್ಯಾಗ ಇನ್ನ ಎರಡ ಊರವರು ಕರದಾರ. ಸಂಗು ತಾನ ಫೋನ ಮಾಡಿದ್ದ, ಎತ್ತಲಿಲ್ಲ.

ಸನ್ಮಾನದ ಹೊತ್ತಿನ್ಯಾಗ ನಾ ಸೈಡ ಪರದೆ ಹಿಂದ ನಿಂತಿದ್ನಿ. ಮಾಸ್ತರಗ ಪೇಟಾ ಸುತ್ತಿದ್ರು, ಶಾಲ ಹೊಚ್ಚಿದ್ರು. ನೀ ಅವರ ಬಗಲಾಗ ಕೈ ಕೊಟ್ಟು, ಇನ್ನೊಂದ ಕೈಲೆ ಬಾಯಿ ಒರಸ್ಕೋತ ನಿಂತಿದ್ದಿ. ನಿನ್ನ ಗಂಡ ಮೈಕ ಹಿಡದು, ಅಪ್ಪ ಬರದ, ನನ್ನ ಹೆಂಡತಿ ಸೇವಾ ಮಾಡಿದಳು ಅಂದ್ರು. ಮಂದಿ ನಿನಗ ಚಪ್ಪಾಳಿ ಹೊಡದ್ರು. ಎದಕ್ಕ ಹೊಡದ್ರು! ನಾ ಹಲ್ಲ ಕಡದು ನಿಂತ್ನಿ. ನೀ ಕೈ ಮುಗದ ಕೇಳಿದ್ದಿ, ಅದಕ್ಕ ಬಾಯಿ ಬಿಡಲಿಲ್ಲ.

ಇದನ್ನ ನಿನಗ ಹೇಳಲೇಬೇಕು. ಆ ನಾಕ ಪುಟದಾಗ ನಾ ತಪ್ಪಿದ್ನಿ. ಎಲ್ಲಾ ಮರತಹೋತು. ಪರದೆ ಹಿಂದಿನಾಕಿ ಹೇಳಿಕೊಟ್ಟದ್ದು ವೆಲ್ಡಿಂಗ ಸಪ್ಪಳಕ್ಕ ರೂಢಿ ಆದ ನನ್ನ ಕಿವಿಗೆ ಕೇಳಲಿಲ್ಲ. ಮುಂದ ನೋಡಿದ್ರ ಮೊದಲನೇ ಸಾಲಿನ್ಯಾಗ ನೀ ಕುಂತೀದಿ, ನಿನ್ನ ತುಟಿ ಅಳ್ಳಾಡಾಕತ್ತಾವ. ಒಂದೊಂದ ಮಾತೂ ನಿನ್ನ ತುಟಿ ಮ್ಯಾಲಿಂದ ಎತಗೊಂಡು ಆಡೀನಿ ನಾ. ಮಂದಿಗೆ ಗೊತ್ತಾಗಲಿಲ್ಲ. ನಿನ್ನ ಬಾಜೂಕ ಕುಂತ ನಿನ್ನ ಗಂಡಗ ಗೊತ್ತಾತೇನು? ಅವರು ರಂಗ ಬಿಟ್ಟು ನಿನ್ನ ಮಾರಿ ನೋಡಾಕತ್ತಿದ್ರು. ಅಂದಿನಿಂದ ನನಗದ ಚಿಂತಿ ಹತ್ತೈತಿ.

ನಿನ್ನ ನಾಟಕದಾಗಿನ ಬಸವ್ವನ ಪಾರ್ಟು ಮಾಡೂ ಹುಡಗಿ ಹೆರಿಗಿಗೆ ತವರಿಗೆ ಹೊಂಟಾಳ. ಆ ಪಾರ್ಟು ನಿನಗಂತ ತಗದಿಟ್ಟೀನಿ. ತಾಲೀಮು ಗುರುವಾರ ನಾಕೂವರಿಗೆ.

ಮಿನಾಜ


ಟಿಕೋಟಾ
11 ಜನವರಿ 2025

ಮಿನಾಜಕ್ಕಾ,

ಅವರಿಗೆ ಗೊತ್ತಾತು.

ಬಬಲೇಶ್ವರದಿಂದ ಬರೂ ಮುಂದ ಮಾವಾರು ಹಿಂದಿನ ಸೀಟಿನ್ಯಾಗ ಪೇಟಾ ಸಮೇತ ಮಲಗಿದ್ರು. ನಮ್ಮ ತೋಟದ ಹತ್ತರ ಬಂದಾಗ ಇವರು ಗಾಡಿ ನಿಂದ್ರಿಸಿದ್ರು. ಆ ನಾಕ ಪುಟ ಅಪ್ಪಂದಲ್ಲ ಅಂದ್ರು. ಅಲ್ಲ ಅಂದ್ನಿ. ಇಂಜಿನ್ ಬಂದ ಮಾಡಿದ್ರು. ಆಮ್ಯಾಲ ಮೆಲ್ಲಕ ಕೇಳಿದ್ರು.

"ಯಾವದರ ಒಂದ ಸಾಲರ ಅಪ್ಪಂದ ಐತೇನು?"

ಒಂದ ಸಾಲ ಐತಿ ಅನ್ನಾಕ ನನಗ ಬರತಿತ್ತು ಅಕ್ಕಾ. ಒಂದ ಸಾಲ ಕೊಟ್ರ ಅವರಿಗೆ ಅಪ್ಪ ಉಳೀತಿದ್ದ. ಬಾಯಿತನಕ ಬಂದಿತ್ತು. ಆದ್ರ ಒಂದ ಸಾಲ ಕೊಟ್ರ ಮತ್ತ ಎಲ್ಲಾ ಹೋಗತೈತಿ ಅಂತ ಅನಿಸ್ತು. ಇಲ್ಲ ಅಂದ್ನಿ. ದ್ರಾಕ್ಷಿ ಬಳ್ಳೀದು ಅಂದ್ರು. ಅದೂ ನಂದ ಅಂದ್ನಿ. ಗಂಡಮನಿಶಾ ಸಣ್ಣ ಕೂಸಿನಂಗ ಅತ್ರು. ನಾನೂ ಅತ್ನಿ. ಹದಿನಾರ ವರ್ಷದ ಸಂಸಾರದಾಗ ನಾವಿಬ್ಬರೂ ಕೂಡಿ ಅತ್ತದ್ದು ಅದ ಮೊದಲನೇದು.

ಮನಿ ಮುಟ್ಟೂದ್ರಾಗ ಕಣ್ಣ ಒರಸ್ಕೊಂಡು ಒಂದ ಠರಾವ ಮಾಡಿದ್ರು. ಯಾರಿಗೂ ಹೇಳೂದು ಬ್ಯಾಡ, ಇದ್ದದ್ದು ಹಿಂಗ ಇರಲಿ, ಮುಂದಿನ ನಾಟಕಾನೂ ಅಪ್ಪನ ಹೆಸರಿಲೆ ಬರಲಿ, ನೀ ಬರಿಯಾಕ ಬ್ಯಾರೆ ಖೋಲಿ ಮಾಡಿಕೊಡ್ತೀನಿ ಅಂದ್ರು. ಮರದಿನಾನ ಬಡಿಗ್ಯಾನ್ನ ಕರದು ಟೇಬಲ್ಲ ಮಾಡಾಕ ಹೇಳಿದ್ರು. ಮೊದಲು ನಾ ಒಬ್ಬಾಕಿನ ಸುಳ್ಳಿನ್ಯಾಗ ಇದ್ನಿ. ಈಗ ಇಬ್ಬರೂ ಗೊತ್ತಿದ್ದ ಅದರಾಗ ಕುಂತೀವಿ, ಹೊರಗಿನ ಚಿಲಕಾ ಅವರು ಹಾಕ್ಯಾರ.

ಅದಕ್ಕ ಇಷ್ಟ ದಿನಾ ನಿಮಗ ಬರೀಲಿಲ್ಲ. ಟೇಬಲ್ಲ ಬಂತು. ನಾ ಕುಂದರಲಿಲ್ಲ. ನನ್ನ ಹೆಸರಿಲ್ಲಂದ್ರ ಒಂದ ಅಕ್ಷರಾ ಬರಿಯೂದಿಲ್ಲ ಅಂದ್ನಿ. ಒಂಬತ್ತ ದಿನಾ ಮಾತಿಲ್ಲ ಕತಿಯಿಲ್ಲ.

ನಿನ್ನಿ ಮುಂಜಾನೆ ಮಾವಾರಿಗೆ ಗಂಜಿ ಕುಡಸಾಕತ್ತಿದ್ನಿ. ಇವರು ಬಂದು ಎದುರಿಗೆ ಕುಂತ್ರು. ಅಪ್ಪಾ, ರಾಜೇಶ್ವರಿ ನಾಟಕಕ್ಕ ಹೋಗತೀನಿ ಅಂತಾಳ, ಏನ ಮಾಡೂಣು ಅಂತ ಕೇಳಿದ್ರು. ಮಾವಾರು ಆತು ಅಂದ್ರು. ಇವರು ರೂಢಿ ಮ್ಯಾಲ ನನ್ನ ಕಡೆ ತಿರುಗಿದ್ರು. ಏನಂತಾರ ಅಂತ ಕೇಳಾಕ ಬಾಯಿ ತಗದವರು ಹಂಗ ನಿಂತ್ರು.

ಆವಾಗ ನನಗ ನನ್ನ ಹಣೇಬರಾ ಪೂರ್ತಾ ಕಂಡತು ನೋಡ್ರಿ. ಇಡೀ ಮನಿ ಪರವಾಗಿ ಏಳ ತಿಂಗಳ ಮಾವಾರ ಮಾತ ಹೇಳೀನಿ, ಎಲ್ಲಾರೂ ನಂಬ್ಯಾರ. ನನ್ನ ಪರವಾಗಿ ಹೇಳೂ ಹೊತ್ತಿಗೆ ನಂಬೂವಂಗ ಇಲ್ಲ. ಹೋಗು ಅಂದ್ರು ಅಂತ ನಾ ಹೇಳಿದ್ರ ನಾನ ಅಪ್ಪಣೆ ಕೊಟ್ಟು ನಾನ ತಗೊಂಡಂಗ.

ಗಂಜಿ ಬಟ್ಟಲಾ ಕೆಳಗ ಇಟ್ನಿ.

"ಅವರು ಏನಂದ್ರು ನನಗ ತಿಳೀದಿಲ್ಲ. ಯಾವತ್ತೂ ತಿಳಿದಿಲ್ಲ. ಹೋಗಬೇಕು ಅಂತ ನಾ ಅಂತೀನಿ."

ಅಪ್ಪನ್ನ ಯಾರು ನೋಡತಾರ ಅಂದ್ರು. ಗುರುವಾರ ಮೂರೂವರಿಯಿಂದ ಎಂಟರತನಕ ನೀವು ಅಂದ್ನಿ. ಎದ್ದು ತೋಟಕ್ಕ ಹೋದ್ರು. ಸಂಜೀಕ ಬಂದು ಗಂಜಿ ಎಷ್ಟ ತೆಳ್ಳಗ ಮಾಡಬೇಕು, ಯಾವ ಕಡೆ ಚಮಚಾ ಹಿಡಿಬೇಕು ಅಂತ ಕೇಳಿದ್ರು. ಕುಡಿಸಿದ್ರು. ಅರ್ಧಾ ಅಂಗಿ ಮ್ಯಾಲ ಚೆಲ್ಲಿತು. ಸಿಟ್ಟಿಗೆದ್ದು, ನನ್ನ ಕಡಿಂದ ಆಗೂದಿಲ್ಲ ಅಂತ ಬಟ್ಟಲಾ ಸರಿಸಿ ಎದ್ದು ಹೋದ್ರು. ಉಳದದ್ದು ನಾನ ಕುಡಿಸಿದ್ನಿ.

ಬರೂ ಗುರುವಾರ ಮೂರೂವರಿ ಬಸ್ಸಿಗೆ ಹೊಂಡತೀನಿ. ಬಾಗಲದಾಗ ಅವರು ಅಡ್ಡ ನಿಂತ್ರ ದಾಟಿ ಬರೂ ಧೈರ್ಯ ನನಗೈತೋ ಇಲ್ಲೋ, ಈ ಹೊತ್ತಿಗೆ ಗೊತ್ತಿಲ್ಲ. ನಾ ಮುಟ್ಟದಿದ್ರ ಬಸವ್ವನ ಪಾರ್ಟು ಮತ್ತೊಬ್ಬಾಕಿಗೆ ಕೊಡಬ್ಯಾಡ್ರಿ. ಅದರ ಮುಂದಿನ ಗುರುವಾರ ಮತ್ತ ಹೊಂಡತೀನಿ.

ರಾಜೇಶ್ವರಿ